ಕಣವೇಗೋತ್ಕರ್ಷಕ ಸುರಂಗಗಳಲ್ಲಿ ವಿಕಿರಣ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳು

ಫ್ರಾನ್ಸ್ ಮತ್ತು ಸ್ವಿಟ್ಜರ್‌ಲೆಂಡ್ ದೇಶಗಳ ಗಡಿಯಲ್ಲಿ, ಜಿನೀವಾ ನಗರದ ಸಮೀಪ, 1954ರಲ್ಲಿ ಸ್ಥಾಪಿತವಾದ ಸರ್ನ್ ಎಂಬ ಐರೋಪ್ಯ ಸಂಶೋಧನಾಲಯವು ಕಣಭೌತವಿಜ್ಞಾನದ ಜಗತ್ಪ್ರಸಿದ್ಧ ಕೇಂದ್ರ. 2007ರಲ್ಲಿ ಈ ಸಂಶೋಧನಾಲಯದ ಒಂದು ಮಹತ್ತ್ವದ ಪ್ರಯೋಗವು ಆ ವರ್ಷದ ಕೆಲಸವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಅಲ್ಲಿಂದ 732 ಕಿಲೋಮೀಟರು ದೂರದಲ್ಲಿರುವ ಇಟಲಿಯ ಗ್ರಾನ್ ಸಾಸೋ ಪ್ರಯೋಗಶಾಲೆಗೆ ಭೂಗರ್ಭದ ಮೂಲಕ ನ್ಯೂಟ್ರಿನೋ ಕಣಗಳನ್ನು ಕಳುಹಿಸುವುದು ಆ ಪ್ರಯೋಗದ ಉದ್ದೇಶ. 40,000 ಕೋಟಿ ಎಲೆಕ್ಟ್ರಾನ್ ವೋಲ್ಟು ಶಕ್ತಿಯ ಪ್ರೋಟಾನುಗಳನ್ನು ಗ್ರಾಫೈಟಿನ ಗುರಿಯೊಂದಕ್ಕೆ ಅಪ್ಪಳಿಸಿದಾಗ ಹೊಮ್ಮುವ ಕಣಗಳು ಕ್ಷಯಿಸಿ ನ್ಯೂಟ್ರಿನೋಗಳನ್ನು ಕೊಡುತ್ತಿದ್ದವು. ಪ್ರೋಟಾನುಗಳನ್ನು ಒದಗಿಸಿದ ಬೃಹದ್ಯಂತ್ರ ಕೆಡಲಿಲ್ಲ. ಗ್ರಾಫೈಟಿನ ಗುರಿಯೂ ಕೆಡಲಿಲ್ಲ. ಕೆಟ್ಟುದು ಸುರಂಗಕ್ಕೆ ಗಾಳಿಯನ್ನು ಒದಗಿಸುವ ವ್ಯವಸ್ಥೆಯ ಎಲೆಕ್ಟ್ರಾನಿಕ್ ನಿಯಂತ್ರಕ. ಒಂದು ವರ್ಷಕ್ಕೆ ಉದ್ದೇಶಿಸಿದ್ದ ಪ್ರೋಟಾನುಗಳಲ್ಲಿ ಸುಮಾರು ಶೇಕಡ 2ರಷ್ಟು ಗುರಿಯನ್ನು ತಲಪುವಷ್ಟರಲ್ಲಿಯೇ ಗಾಳಿಯ ವ್ಯವಸ್ಥೆ ಸ್ತಬ್ಧವಾಯಿತು. ಅದರೊಡನೆ ಪ್ರಯೋಗವೂ ಸ್ತಬ್ಧವಾಯಿತು.

ಆ ನಿಯಂತ್ರಕದಲ್ಲಿ ದೋಷವೇನೂ ಇರಲಿಲ್ಲ. ಯಾವುದೇ ಸಾಮಾನ್ಯ ಕಾರ್ಖಾನೆಯಲ್ಲಿ ಅದು ವರ್ಷಾನುಗಟ್ಟಲೆ ನಿಷ್ಠೆಯಿಂದ ದುಡಿಯಬಲ್ಲದಾಗಿತ್ತು. ಆದರೆ ಅದನ್ನು ಇಟ್ಟ ಸ್ಥಳವು ಗುರಿಯಿದ್ದ ಕೋಣೆಗೆ ಹತ್ತಿರದ ಸೇವಾಸುರಂಗವಾಗಿತ್ತು. ಗುರಿಯಿಂದ ಚೆದರಿದ ವಿಕಿರಣವು ಅಡ್ಡಹಾದಿಗಳ ಮೂಲಕ ಅಲ್ಲಿಗೂ ಬಂದು ತಲಪುತ್ತಿತ್ತು. ಮನುಷ್ಯನ ಕಣ್ಣಿಗೆ ಕಾಣದ, ಕಿವಿಗೆ ಕೇಳದ ಈ ವಿಕಿರಣವು ಎಲೆಕ್ಟ್ರಾನಿಕ್ ಉಪಕರಣಗಳ ಮೇಲೆ ಯಾವ ರೀತಿಯ ಪರಿಣಾಮವನ್ನುಂಟುಮಾಡುತ್ತದೆ, ಅದನ್ನು ಎದುರಿಸಲು ವಿಜ್ಞಾನಿಗಳು ಯಾವ ಮಾರ್ಗಗಳನ್ನು ಕಂಡುಕೊಂಡರು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ವಿಕಿರಣದ ಉಗಮ

ಕಣವೇಗೋತ್ಕರ್ಷಕವೆಂದರೆ ವಿದ್ಯುದಾವೇಶವುಳ್ಳ ಕಣಗಳಿಗೆ ವಿದ್ಯುತ್ ಕ್ಷೇತ್ರದಿಂದ ಶಕ್ತಿಯನ್ನು ತುಂಬಿ, ಕಾಂತಕ್ಷೇತ್ರದಿಂದ ಅವುಗಳ ದಾರಿಯನ್ನು ಬಾಗಿಸಿ ಓಡಿಸುವ ಯಂತ್ರ. ಇವುಗಳಲ್ಲಿ ಅತ್ಯಂತ ದೊಡ್ಡದು ಸರ್ನ್ ಸಂಶೋಧನಾಲಯದ ಲಾರ್ಜ್ ಹೇಡ್ರಾನ್ ಕೊಲೈಡರ್, ಅಂದರೆ ಬೃಹತ್ ಹೇಡ್ರಾನ್ ಸಂಘಟ್ಟಕ. ನೆಲಮಟ್ಟದಿಂದ ಸರಾಸರಿ 100 ಮೀಟರು ಆಳದಲ್ಲಿ, ಸುಮಾರು 27 ಕಿಲೋಮೀಟರು ಸುತ್ತಳತೆಯ ವರ್ತುಲಾಕಾರದ ಸುರಂಗದಲ್ಲಿ ಇದನ್ನು ಜೋಡಿಸಲಾಗಿದೆ. 2008ರ ಸೆಪ್ಟೆಂಬರ್ 10ರಂದು ಇದರಲ್ಲಿ ಪ್ರಥಮ ಬಾರಿಗೆ ಪ್ರೋಟಾನುಗಳು ಸುತ್ತು ಹಾಕಿದವು. 2022ರಲ್ಲಿ ಪ್ರತಿ ಪ್ರೋಟಾನಿನ ಶಕ್ತಿಯು 6.8 ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟುಗಳ ಮಟ್ಟಕ್ಕೆ ಏರಿತು. ವಿರುದ್ಧ ದಿಕ್ಕುಗಳಲ್ಲಿ ಓಡುವ ಎರಡು ಪ್ರೋಟಾನು ಪ್ರವಾಹಗಳು ಇಲ್ಲಿವೆ. ಇಂತಹ ಪ್ರವಾಹಕ್ಕೆ ದೂಲವೆಂದು ಹೆಸರು. ಮೂಲ ವಿನ್ಯಾಸದ ಪ್ರಕಾರ ಒಂದೊಂದು ದೂಲದಲ್ಲಿಯೂ ಸುಮಾರು 300 ಲಕ್ಷ ಕೋಟಿ ಪ್ರೋಟಾನುಗಳಿದ್ದು, ಅವು ಸೆಕೆಂಡಿಗೆ 11,245 ಬಾರಿ ಸುರಂಗವನ್ನು ಸುತ್ತುತ್ತವೆ. ಹೀಗೆ ಒಂದು ದೂಲದಲ್ಲಿ ಅಡಕವಾದ ಒಟ್ಟು ಶಕ್ತಿ 36.2 ಕೋಟಿ ಜೌಲ್. ಅರ್ಧ ಟನ್ನು ತಾಮ್ರವನ್ನು ಕರಗಿಸಲು ಇಷ್ಟು ಸಾಕು.

ಪ್ರೋಟಾನುಗಳು ತಮ್ಮ ದಾರಿಯಲ್ಲಿಯೇ ಓಡುತ್ತಿರುವಷ್ಟು ಕಾಲ ಅವುಗಳಿಂದ ಉಪಕರಣಗಳಿಗೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ದಾರಿ ಬಿಟ್ಟ ಪ್ರೋಟಾನುಗಳೇ ವಿಕಿರಣದ ಮೂಲ. ಅವು ದಾರಿ ಬಿಡುವ ಸಂದರ್ಭಗಳು ಮುಖ್ಯವಾಗಿ ಮೂರು. ಮೊದಲನೆಯದಾಗಿ, ಎರಡು ದೂಲಗಳನ್ನು ಉದ್ದೇಶಪೂರ್ವಕವಾಗಿ ಸಂಘಟ್ಟಿಸುವ ನಾಲ್ಕು ಪ್ರಯೋಗಸ್ಥಾನಗಳಲ್ಲಿ ಸಿಡಿದ ಕಣಗಳು ಪಕ್ಕದ ಸುರಂಗಕ್ಕೂ ಹರಿದುಬರುತ್ತವೆ. ಎರಡನೆಯದಾಗಿ, ದೂಲದ ಅಂಚಿನಲ್ಲಿ ಅಲೆಯುವ ಪ್ರೋಟಾನುಗಳನ್ನು ಹಿಡಿದು ನಿಲ್ಲಿಸಲೆಂದೇ ಕಾಲಿಮೇಟರು ಎಂಬ ಸುಮಾರು 100 ತಡೆಗಳನ್ನು ಇಡಲಾಗಿದ್ದು, ಅಲ್ಲಿ ಬಡಿದ ಪ್ರೋಟಾನುಗಳು ತೀವ್ರ ವಿಕಿರಣವನ್ನು ಹುಟ್ಟಿಸುತ್ತವೆ. ಮೂರನೆಯದಾಗಿ, ನಳಿಗೆಯೊಳಗಿನ ನಿರ್ವಾತವು ಎಷ್ಟೇ ಶ್ರೇಷ್ಠವಾಗಿದ್ದರೂ ಅಲ್ಲಿ ಉಳಿದ ಕೆಲವೇ ಅನಿಲದ ಅಣುಗಳಿಗೆ ಪ್ರೋಟಾನುಗಳು ತಾಗುತ್ತಲೇ ಇರುತ್ತವೆ. ಆದುದರಿಂದ ಸುರಂಗದ ಯಾವ ಮೂಲೆಯೂ ವಿಕಿರಣದಿಂದ ಸಂಪೂರ್ಣ ಮುಕ್ತವಲ್ಲ.

ಇಷ್ಟು ಶಕ್ತಿಯ ಪ್ರೋಟಾನು ಒಂದು ಪರಮಾಣುವಿನ ನ್ಯೂಕ್ಲಿಯಸ್ಸಿಗೆ ಬಡಿದಾಗ ಹಲವಾರು ಹೊಸ ಕಣಗಳು ಹುಟ್ಟುತ್ತವೆ. ಅವು ಬೇರೆ ನ್ಯೂಕ್ಲಿಯಸ್ಸುಗಳಿಗೆ ಬಡಿದು ಇನ್ನಷ್ಟು ಕಣಗಳನ್ನು ಹುಟ್ಟಿಸುತ್ತವೆ. ಹೀಗೆ ಒಂದು ಪ್ರೋಟಾನಿನಿಂದ ಪ್ರೋಟಾನು, ನ್ಯೂಟ್ರಾನು, ಪಯಾನು, ಎಲೆಕ್ಟ್ರಾನು, ಗಾಮಾ ಕಿರಣ ಮುಂತಾದವುಗಳ ಒಂದು ದೊಡ್ಡ ಮಳೆಯೇ ಸುರಿಯುತ್ತದೆ. ಆಸ್ಪತ್ರೆಯ ಎಕ್ಸ್ ಕಿರಣ ಯಂತ್ರದಲ್ಲಿರುವಂತೆ ಇಲ್ಲಿ ಒಂದೇ ಬಗೆಯ ವಿಕಿರಣವಿಲ್ಲ. ಇದು ಮಿಶ್ರ ವಿಕಿರಣ. ಇವುಗಳ ಪೈಕಿ ನ್ಯೂಟ್ರಾನು ವಿದ್ಯುದಾವೇಶವಿಲ್ಲದ ಕಣವಾದುದರಿಂದ ಕಬ್ಬಿಣದ ಗೋಡೆಯನ್ನೂ ಬಹುದೂರ ತೂರಿ ಹೋಗುತ್ತದೆ. ಸುರಂಗದ ತಿರುವುಗಳಲ್ಲಿ ಗೋಡೆಯಿಂದ ಗೋಡೆಗೆ ಪುಟಿಯುತ್ತ, ನೇರದಾರಿಯಿಲ್ಲದ ಕೋಣೆಗಳನ್ನೂ ಪ್ರವೇಶಿಸುತ್ತದೆ.

ಭೂಮಿಯ ಆಳವು ಸಾಮಾನ್ಯವಾಗಿ ವಿಕಿರಣದಿಂದ ರಕ್ಷಣೆ ನೀಡುವ ಸ್ಥಳ. ಆಕಾಶದಿಂದ ಎಡೆಬಿಡದೆ ಬೀಳುವ ವಿಶ್ವಕಿರಣಗಳನ್ನು ಬಂಡೆಗಳು ಹೀರಿಕೊಳ್ಳುತ್ತವೆ. ಈ ಕಾರಣದಿಂದಲೇ ಕೋಲಾರದ ಚಿನ್ನದ ಗಣಿಗಳಲ್ಲಿ, ಎರಡು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ಉಪಕರಣಗಳನ್ನಿಟ್ಟು ವಿಜ್ಞಾನಿಗಳು 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಗುರುತಿಸಲು ಸಾಧ್ಯವಾಯಿತು. ಅಲ್ಲಿ ಆಳವು ಶಾಂತಿಯನ್ನು ತಂದಿತು. ವೇಗೋತ್ಕರ್ಷಕದ ಸುರಂಗದಲ್ಲಿ ಸಂಗತಿ ವ್ಯತಿರಿಕ್ತ. ಇಲ್ಲಿ ವಿಕಿರಣವು ಹೊರಗಿನಿಂದ ಬರುವುದಲ್ಲ, ಒಳಗೆ ಹುಟ್ಟುವುದು. ಬಂಡೆಯು ಮೇಲಿರುವ ಊರುಗಳನ್ನು ರಕ್ಷಿಸುತ್ತದೆಯೇ ಹೊರತು ಸುರಂಗದೊಳಗಿನ ಉಪಕರಣಗಳನ್ನಲ್ಲ. ಯಂತ್ರ ನಡೆಯುತ್ತಿರುವಾಗ ಸುರಂಗದೊಳಗೆ ಮನುಷ್ಯರಿಗೆ ಪ್ರವೇಶವಿಲ್ಲ. ಉಪಕರಣಗಳಿಗೆ ಮಾತ್ರ ಹೊರಬರುವ ಅವಕಾಶವಿಲ್ಲ.

ಅಳತೆಯ ಮಾನಗಳು

ವಿಕಿರಣದಿಂದ ವಸ್ತುವೊಂದು ಹೀರಿಕೊಂಡ ಶಕ್ತಿಯನ್ನು ಗ್ರೇ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕಿಲೋಗ್ರಾಂ ವಸ್ತುವು ಒಂದು ಜೌಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಇಡೀ ದೇಹವು ಅಲ್ಪಕಾಲದಲ್ಲಿ ಸುಮಾರು 4ರಿಂದ 5 ಗ್ರೇ ವಿಕಿರಣಕ್ಕೆ ಒಳಗಾಗಿ, ಚಿಕಿತ್ಸೆಯೂ ದೊರೆಯದಿದ್ದರೆ ಮನುಷ್ಯನು ಬದುಕುಳಿಯುವ ಸಂಭವ ಅರ್ಧದಷ್ಟು ಮಾತ್ರ. ಇಷ್ಟೇ ಶಕ್ತಿಯನ್ನು ಶಾಖರೂಪದಲ್ಲಿ ನೀರಿಗೆ ಕೊಟ್ಟರೆ ಅದರ ಉಷ್ಣತೆ ಒಂದು ಡಿಗ್ರಿಯ ಸಾವಿರದ ಒಂದಂಶದಷ್ಟು ಏರೀತು. ವಿಕಿರಣದ ಹಾನಿಯು ಶಕ್ತಿಯ ಮೊತ್ತದಿಂದ ಉಂಟಾಗುವುದಲ್ಲ, ಆ ಶಕ್ತಿಯು ಅಣುಪರಮಾಣುಗಳ ಮಟ್ಟದಲ್ಲಿ ಬಂದು ನಾಟುವ ರೀತಿಯಿಂದ ಉಂಟಾಗುತ್ತದೆ ಎಂಬುದಕ್ಕೆ ಇದು ಉತ್ತಮ ನಿದರ್ಶನ. ಎಲೆಕ್ಟ್ರಾನಿಕ್ ಉಪಕರಣಗಳ ವಿಷಯದಲ್ಲಿಯೂ ಇದೇ ನ್ಯಾಯ ಅನ್ವಯಿಸುತ್ತದೆ.

ಬೃಹತ್ ಸಂಘಟ್ಟಕದ ಸುರಂಗದಲ್ಲಿ ಈ ಪ್ರಮಾಣವು ಸ್ಥಳದಿಂದ ಸ್ಥಳಕ್ಕೆ ಅಗಾಧವಾಗಿ ಬದಲಾಗುತ್ತದೆ. ಗೋಡೆಯ ಮರೆಯಲ್ಲಿರುವ ಕೋಣೆಗಳಲ್ಲಿ ವರ್ಷಕ್ಕೆ ಒಂದು ಗ್ರೇಗಿಂತ ಬಹಳ ಕಡಮೆ. ಕಾಲಿಮೇಟರುಗಳ ನೆರೆಯಲ್ಲಿ ಸಾವಿರಾರು ಗ್ರೇ. ಪ್ರಯೋಗಸ್ಥಾನಗಳ ಇಕ್ಕೆಲಗಳಲ್ಲಿ ದೂಲವನ್ನು ಸಂಕುಚಿಸುವ ಕಾಂತಗಳಿವೆ. ಸಂಘಟ್ಟಕದ ಮುಂದಿನ ಉನ್ನತ ಹಂತಕ್ಕಾಗಿ ನಿರ್ಮಿಸಿದ ಇಂತಹ ಕಾಂತಗಳ ಸುರುಳಿಗಳು ತಮ್ಮ ಜೀವಮಾನದಲ್ಲಿ ಸುಮಾರು 3 ಕೋಟಿ ಗ್ರೇ ತಾಳಿಕೊಳ್ಳಬೇಕಾಗುವುದೆಂದು ಲೆಕ್ಕ ಹಾಕಲಾಗಿದೆ. ಆದರೆ ಗ್ರೇ ಒಂದರಿಂದಲೇ ಅಪಾಯದ ಪೂರ್ಣ ಚಿತ್ರ ದೊರೆಯದು. ಉಪಕರಣದ ಪ್ರತಿ ಚದರ ಸೆಂಟಿಮೀಟರಿನ ಮೂಲಕ ಎಷ್ಟು ಶಕ್ತಿಯುತ ಕಣಗಳು ಹಾದುಹೋದವು ಎಂಬ ಎಣಿಕೆಯೂ ಅಷ್ಟೇ ಆವಶ್ಯಕ. ಸಮುದ್ರಮಟ್ಟದಲ್ಲಿ ವಿಶ್ವಕಿರಣಗಳಿಂದ ಹುಟ್ಟುವ ಇಂತಹ ಕಣಗಳು ಒಂದು ವರ್ಷದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಒಂದರಿಂದ ಎರಡು ಲಕ್ಷ. ವಿಮಾನಗಳು ಹಾರುವ ಎತ್ತರದಲ್ಲಿ ಇದರ ನೂರು ಪಟ್ಟು. ಸುರಂಗದ ಹಲವು ಭಾಗಗಳಲ್ಲಿ ಈ ಸಂಖ್ಯೆ 100 ಕೋಟಿಯನ್ನೂ ಮೀರುತ್ತದೆ.

ಮೂರು ಬಗೆಯ ಹಾನಿ

ಇಂದಿನ ಎಲೆಕ್ಟ್ರಾನಿಕ್ ಉಪಕರಣಗಳ ಜೀವಾಳವು ಸಿಲಿಕಾನ್ ಎಂಬ ಅರೆವಾಹಕದ ಸ್ಫಟಿಕ. ಅದರ ಮೇಲೆ ಟ್ರಾನ್ಸಿಸ್ಟರುಗಳನ್ನು ರಚಿಸುತ್ತಾರೆ. ಟ್ರಾನ್ಸಿಸ್ಟರು ಎಂದರೆ ವಿದ್ಯುತ್ತಿನ ಹರಿವನ್ನು ಬಿಡುವ, ತಡೆಯುವ ಒಂದು ಸೂಕ್ಷ್ಮ ನಲ್ಲಿ. ನಲ್ಲಿಯ ತಿರುಪಿನ ಸ್ಥಾನದಲ್ಲಿ ಇಲ್ಲಿ ಸಿಲಿಕಾನ್ ಡೈಆಕ್ಸೈಡಿನ ಅತಿ ತೆಳುವಾದ ಪದರದ ಮೇಲಿರುವ ದ್ವಾರವು ಕೆಲಸ ಮಾಡುತ್ತದೆ. ಈ ರಚನೆಗೆ ವಿಕಿರಣದಿಂದ ಮೂರು ಬಗೆಯ ಹಾನಿಯುಂಟು.

ಮೊದಲನೆಯದು ಕ್ರಮೇಣ ಸಂಚಯವಾಗುವ ಹಾನಿ. ವಿಕಿರಣವು ಡೈಆಕ್ಸೈಡ್ ಪದರದಲ್ಲಿ ಹಾಯುವಾಗ ಸುಮಾರು 17 ಎಲೆಕ್ಟ್ರಾನ್ ವೋಲ್ಟು ಶಕ್ತಿಗೆ ಒಂದರಂತೆ ಎಲೆಕ್ಟ್ರಾನು ಮತ್ತು ಧನಾವೇಶದ ರಂಧ್ರ ಇವುಗಳ ಜೋಡಿಗಳನ್ನು ಹುಟ್ಟಿಸುತ್ತದೆ. ಎಲೆಕ್ಟ್ರಾನುಗಳು ಬೇಗನೆ ಹೊರಟುಹೋಗುತ್ತವೆ. ನಿಧಾನಗತಿಯ ರಂಧ್ರಗಳಲ್ಲಿ ಕೆಲವು ಪದರದಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಕೆರೆಯಲ್ಲಿ ವರ್ಷ ವರ್ಷವೂ ಹೂಳು ತುಂಬುವಂತೆ ಈ ಧನಾವೇಶವು ಕೂಡುತ್ತ ಹೋಗುತ್ತದೆ. ಪರಿಣಾಮವಾಗಿ ತೆರೆಯಬೇಕಾದ ನಲ್ಲಿ ತೆರೆಯದು. ಮುಚ್ಚಿದ ನಲ್ಲಿ ಸೋರತೊಡಗುತ್ತದೆ. ಮಾರುಕಟ್ಟೆಯಲ್ಲಿ ದೊರೆಯುವ ಸಾಧಾರಣ ಉಪಕರಣಗಳು ಹಲವು ಹತ್ತು ಗ್ರೇಗಳಿಂದ ಕೆಲವು ನೂರು ಗ್ರೇಗಳ ಒಳಗೆ ಈ ಕಾರಣದಿಂದ ಕೆಡಬಹುದು.

ಎರಡನೆಯದು ಸ್ಫಟಿಕದ ರಚನೆಗೇ ಆಗುವ ಹಾನಿ. ಸಿಲಿಕಾನ್ ಪರಮಾಣುಗಳು ಸ್ಫಟಿಕದಲ್ಲಿ ಕ್ರಮಬದ್ಧವಾಗಿ ನೆಲೆಗೊಂಡಿವೆ. ನ್ಯೂಟ್ರಾನಿನಂತಹ ಕಣವು ಬಡಿದು ಕೆಲವು ಹತ್ತು ಎಲೆಕ್ಟ್ರಾನ್ ವೋಲ್ಟು ಶಕ್ತಿಯನ್ನು ಕೊಟ್ಟರೆ ಸಾಕು, ಪರಮಾಣು ತನ್ನ ನೆಲೆಯಿಂದ ಕಿತ್ತುಹೋಗುತ್ತದೆ. ಕಟ್ಟಡದ ಗೋಡೆಯಿಂದ ಅಲ್ಲೊಂದು ಇಲ್ಲೊಂದು ಕಲ್ಲು ಜಾರಿದಂತೆ ಸ್ಫಟಿಕದಲ್ಲಿ ತೆರಪುಗಳು ಉಳಿಯುತ್ತವೆ. ಹರಿಯುವ ಎಲೆಕ್ಟ್ರಾನುಗಳು ಆ ತೆರಪುಗಳಲ್ಲಿ ನಷ್ಟವಾಗುತ್ತವೆ. ಬೆಳಕಿನಿಂದ ಸಂಕೇತಗಳನ್ನು ರವಾನಿಸುವ ಉಪಕರಣಗಳು ಮತ್ತು ಹಳೆಯ ಮಾದರಿಯ ಕೆಲವು ಟ್ರಾನ್ಸಿಸ್ಟರುಗಳು ಇದರಿಂದ ವಿಶೇಷವಾಗಿ ದುರ್ಬಲಗೊಳ್ಳುತ್ತವೆ.

ಮೂರನೆಯದು ಒಂದೇ ಕಣದಿಂದ ಒಂದೇ ಕ್ಷಣದಲ್ಲಿ ಆಗುವ ಹಾನಿ. ಮೊದಲೆರಡು ಹಾನಿಗಳು ವೃದ್ಧಾಪ್ಯದಂತೆ ಮೆಲ್ಲನೆ ಬರುವುವಾದರೆ ಇದು ಸಿಡಿಲಿನಂತೆ ಎರಗುವಂಥದು. ಶಕ್ತಿಯುತ ಕಣವೊಂದು ಸಿಲಿಕಾನ್ ನ್ಯೂಕ್ಲಿಯಸ್ಸನ್ನು ಒಡೆದಾಗ ಅದರ ಚೂರುಗಳು ಕೆಲವೇ ಮೈಕ್ರೋಮೀಟರುಗಳ ದೂರದಲ್ಲಿ ತಮ್ಮ ಶಕ್ತಿಯನ್ನೆಲ್ಲ ಸುರಿದುಬಿಡುತ್ತವೆ. ಸಿಲಿಕಾನಿನಲ್ಲಿ ಒಂದು ಎಲೆಕ್ಟ್ರಾನು-ರಂಧ್ರ ಜೋಡಿ ಹುಟ್ಟಲು 3.6 ಎಲೆಕ್ಟ್ರಾನ್ ವೋಲ್ಟು ಸಾಕು. ಆದುದರಿಂದ ಲಕ್ಷಾಂತರ ಜೋಡಿಗಳು ಒಮ್ಮೆಲೇ ಹುಟ್ಟುತ್ತವೆ. ಆಧುನಿಕ ಸ್ಮೃತಿಕೋಶದಲ್ಲಿ ಒಂದು ಅಂಕವನ್ನು ಹಿಡಿದಿಡುವ ವಿದ್ಯುದಾವೇಶವು ಕೆಲವು ಸಾವಿರ ಎಲೆಕ್ಟ್ರಾನುಗಳಷ್ಟೇ ಇರಬಹುದು. ಆದುದರಿಂದ ಅಲ್ಲಿ ಸೊನ್ನೆಯಿದ್ದುದು ಒಂದಾಗುತ್ತದೆ, ಒಂದಿದ್ದುದು ಸೊನ್ನೆಯಾಗುತ್ತದೆ. ಉಪಕರಣ ಕೆಟ್ಟಿಲ್ಲ, ಅದರೊಳಗಿನ ಬರೆಹ ತಪ್ಪಾಗಿದೆ. ಕೆಲವೊಮ್ಮೆ ಇದಕ್ಕಿಂತಲೂ ಕೆಡುಕು ಸಂಭವಿಸುತ್ತದೆ. ಕಣದ ಪೆಟ್ಟಿನಿಂದ ಉಪಕರಣದೊಳಗೆ ಅನಪೇಕ್ಷಿತವಾದ ವಿದ್ಯುನ್ಮಾರ್ಗವೊಂದು ತೆರೆದುಕೊಂಡು, ವಿದ್ಯುತ್ ಪೂರೈಕೆಯನ್ನು ಕಡಿಯುವವರೆಗೂ ಮುಚ್ಚುವುದಿಲ್ಲ. ಅಧಿಕ ವಿದ್ಯುತ್ತನ್ನು ನಿರ್ವಹಿಸುವ ಟ್ರಾನ್ಸಿಸ್ಟರಾದರೆ ಸುಟ್ಟೇ ಹೋಗಬಹುದು.

ನಿಧಾನಗತಿಯ ನ್ಯೂಟ್ರಾನುಗಳೂ ಇಲ್ಲಿ ನಿರಪಾಯಕಾರಿಗಳಲ್ಲ. ಅರೆವಾಹಕ ಸಾಧನಗಳ ತಯಾರಿಕೆಯಲ್ಲಿ ಬೋರಾನ್ ಬಳಕೆಯಾಗುತ್ತದೆ. ಅದರ 10ನೆಯ ಸಂಖ್ಯೆಯ ಸಮಸ್ಥಾನಿಯು ನಿಧಾನಗತಿಯ ನ್ಯೂಟ್ರಾನನ್ನು ಸುಲಭವಾಗಿ ನುಂಗಿ, ಹೀಲಿಯಂ ಮತ್ತು ಲಿಥಿಯಂ ನ್ಯೂಕ್ಲಿಯಸ್ಸುಗಳಾಗಿ ಒಡೆಯುತ್ತದೆ. ಆ ಚೂರುಗಳು ಸ್ಮೃತಿಕೋಶವನ್ನು ಕದಡಬಲ್ಲವು. ವೇಗವನ್ನು ಕಳೆದುಕೊಂಡ ಕಣವು ದುರ್ಬಲವೆಂದು ಉಪೇಕ್ಷಿಸುವಂತಿಲ್ಲ.

ಹಿಂದಿನ ಅನುಭವಗಳು

ಈ ಸಮಸ್ಯೆಯು ವೇಗೋತ್ಕರ್ಷಕಗಳಿಗೆ ಮಾತ್ರ ಸೀಮಿತವಾದುದಲ್ಲ. 1962ರ ಜುಲೈ 9ರಂದು ಅಮೆರಿಕವು ಶಾಂತಸಾಗರದ ಮೇಲೆ ಸುಮಾರು 400 ಕಿಲೋಮೀಟರು ಎತ್ತರದಲ್ಲಿ ಪರಮಾಣು ಸ್ಫೋಟವೊಂದನ್ನು ನಡೆಸಿತು. ಮರುದಿನ ಹಾರಿಸಲಾದ ಟೆಲ್‌ಸ್ಟಾರ್ ಎಂಬ ಸಂಪರ್ಕ ಉಪಗ್ರಹವು ಆ ಸ್ಫೋಟದಿಂದ ಹೆಚ್ಚಿದ ವಿಕಿರಣವಲಯದಲ್ಲಿ ಸಂಚರಿಸಬೇಕಾಯಿತು. ಅದರ ಟ್ರಾನ್ಸಿಸ್ಟರುಗಳು ಕೆಟ್ಟು, 1963ರ ಫೆಬ್ರವರಿಯಲ್ಲಿ ಅದು ಶಾಶ್ವತವಾಗಿ ಮೌನವಾಯಿತು. 1978ರಲ್ಲಿ ಇಂಟೆಲ್ ಸಂಸ್ಥೆಯ ಮೇ ಮತ್ತು ವುಡ್ಸ್ ಎಂಬ ಸಂಶೋಧಕರು ಇನ್ನೊಂದು ಅಚ್ಚರಿಯ ಸಂಗತಿಯನ್ನು ಪ್ರಕಟಿಸಿದರು. ಕಂಪ್ಯೂಟರಿನ ಸ್ಮೃತಿಸಾಧನವನ್ನು ಮುಚ್ಚಿದ್ದ ಪಿಂಗಾಣಿಯಂತಹ ಕವಚದಲ್ಲಿಯೇ ಯುರೇನಿಯಂ ಮತ್ತು ಥೋರಿಯಂಗಳ ಅತ್ಯಲ್ಪ ಅಂಶವಿದ್ದು, ಅದರಿಂದ ಹೊರಟ ಆಲ್ಫಾ ಕಣಗಳು ಸ್ಮೃತಿಯಲ್ಲಿನ ಅಂಕಗಳನ್ನು ತಿರುವುಮುರುವು ಮಾಡುತ್ತಿದ್ದವು. ರಕ್ಷಣೆಗೆಂದು ಹೊದಿಸಿದ ಕವಚವೇ ಶತ್ರುವಾಗಿತ್ತು.

2003ರ ಮೇ ತಿಂಗಳಲ್ಲಿ ಬೆಲ್ಜಿಯಂ ದೇಶದ ಸ್ಕಾರ್ಬೇಕ್ ಎಂಬಲ್ಲಿ ನಡೆದ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರಿಗೆ ಇರಬೇಕಾದುದಕ್ಕಿಂತ 4096 ಮತಗಳು ಹೆಚ್ಚಾಗಿ ಎಣಿಕೆಯಾಗಿದ್ದವು. ಎರಡನ್ನು ಹನ್ನೆರಡರ ಘಾತಕ್ಕೆ ಏರಿಸಿದರೆ ದೊರೆಯುವ ಸಂಖ್ಯೆ ಸರಿಯಾಗಿ 4096. ಅಂದರೆ ಕಂಪ್ಯೂಟರಿನ ಸ್ಮೃತಿಯಲ್ಲಿ ಒಂದೇ ಒಂದು ಅಂಕ ಸೊನ್ನೆಯಿಂದ ಒಂದಕ್ಕೆ ತಿರುಗಿತ್ತು. ತನಿಖೆಯಲ್ಲಿ ಯಂತ್ರದೋಷವಾಗಲಿ ಕಾರ್ಯಕ್ರಮದ ದೋಷವಾಗಲಿ ಕಾಣಲಿಲ್ಲ. ವಿಶ್ವಕಿರಣದ ಕಣವೊಂದು ಕಾರಣವಾಗಿರಬೇಕೆಂದು ಊಹಿಸಲಾಯಿತು. ನೆಲದ ಮೇಲೆ ಎಂದೋ ಒಮ್ಮೆ ಸಂಭವಿಸುವ ಇಂತಹ ಘಟನೆಯು ವೇಗೋತ್ಕರ್ಷಕದ ಸುರಂಗದಲ್ಲಿ ದಿನನಿತ್ಯದ ಮಾತಾಗುತ್ತದೆ.

ಬೃಹತ್ ಸಂಘಟ್ಟಕದಲ್ಲಿ ಕಂಡ ತೊಂದರೆ

ಬೃಹತ್ ಸಂಘಟ್ಟಕದಲ್ಲಿ ದೂಲವನ್ನು ಬಾಗಿಸಲು 1232 ಅತಿವಾಹಕ ಕಾಂತಗಳಿವೆ. ಒಂದೊಂದರ ಉದ್ದ 15 ಮೀಟರು. ಶೂನ್ಯಕ್ಕಿಂತ 271 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ಅವುಗಳಲ್ಲಿ ಸುಮಾರು 11,000 ಆಂಪಿಯರಿಗೂ ಮಿಗಿಲಾದ ವಿದ್ಯುತ್ತು ಹರಿಯುತ್ತದೆ. ಕಾಂತದ ಒಂದು ಬಿಂದುವಿನಲ್ಲಿ ಉಷ್ಣತೆ ಏರಿ ಅತಿವಾಹಕತ್ವ ನಷ್ಟವಾದರೆ ಅದನ್ನು ಕೂಡಲೆ ಗುರುತಿಸಿ ವಿದ್ಯುತ್ತನ್ನು ಬೇರೆಡೆಗೆ ಹರಿಯಿಸಬೇಕು. ಇಲ್ಲವಾದರೆ ಕಾಂತವೇ ಕರಗೀತು. 2008ರ ಸೆಪ್ಟೆಂಬರ್ 19ರಂದು ಎರಡು ಕಾಂತಗಳ ನಡುವಣ ವಿದ್ಯುತ್ ಜೋಡಣೆಯ ದೋಷದಿಂದ ಸಂಭವಿಸಿದ ಅವಘಡದಲ್ಲಿ 53 ಕಾಂತಗಳನ್ನು ಹೊರತೆಗೆಯಬೇಕಾಗಿ ಬಂದು, ಯಂತ್ರವು ಒಂದು ವರ್ಷಕ್ಕೂ ಮಿಗಿಲಾಗಿ ನಿಂತಿತು. ಅದಕ್ಕೆ ವಿಕಿರಣವು ಕಾರಣವಲ್ಲ. ಆದರೆ ಆ ಬಳಿಕ ಜೋಡಣೆಗಳ ಮೇಲೆ ಕಣ್ಣಿಡಲು ಹೊಸ ರಕ್ಷಣಾ ಉಪಕರಣಗಳನ್ನು ಸುರಂಗದೊಳಗೇ, ಕಾಂತಗಳ ಕೆಳಗೇ ಇಡಬೇಕಾಯಿತು. ಕಾವಲುಗಾರನನ್ನು ನೇಮಿಸಿದುದು ಅಗತ್ಯ. ಆದರೆ ಅವನು ನಿಂತ ಸ್ಥಳ ವಿಕಿರಣದ ಸ್ಥಳ.

ಇಂತಹ ಕಾವಲಿನ ಉಪಕರಣದಲ್ಲಿ ಒಂದು ಅಂಕ ತಿರುಗಿದರೆ ಎರಡು ಬಗೆಯ ತಪ್ಪುಗಳಾಗಬಹುದು. ಅಪಾಯವಿಲ್ಲದಿದ್ದರೂ ಅಪಾಯವೆಂದು ಕೂಗುವುದು ಒಂದು. ಅಪಾಯವಿದ್ದರೂ ಸುಮ್ಮನಿರುವುದು ಇನ್ನೊಂದು. ಎರಡನೆಯ ತಪ್ಪು ಸರ್ವಥಾ ಕೂಡದು. ಆದುದರಿಂದ ಸಂದೇಹ ಬಂದೊಡನೆ ದೂಲವನ್ನು ಹೊರಹಾಕುವಂತೆಯೇ ವ್ಯವಸ್ಥೆಯನ್ನು ರೂಪಿಸಲಾಗಿದೆ. ಆಜ್ಞೆ ಬಂದ ಕೆಲವೇ ಸುತ್ತುಗಳೊಳಗೆ, ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಮೆ ಕಾಲದಲ್ಲಿ, ಪ್ರೋಟಾನುಗಳೆಲ್ಲವನ್ನೂ ಪ್ರತ್ಯೇಕ ಕೋಣೆಯಲ್ಲಿರುವ ಗ್ರಾಫೈಟಿನ ದೊಡ್ಡ ದಿಮ್ಮಿಗೆ ತಿರುಗಿಸಲಾಗುತ್ತದೆ. ಯಂತ್ರವು ಉಳಿಯುತ್ತದೆ; ಆದರೆ ಮತ್ತೆ ಪ್ರೋಟಾನುಗಳನ್ನು ತುಂಬಿ ಶಕ್ತಿಯನ್ನು ಏರಿಸಲು ಕನಿಷ್ಠ ಎರಡು ಗಂಟೆಗಳು ಬೇಕು. ಉಪಕರಣವನ್ನು ಸರಿಪಡಿಸಲು ಸುರಂಗಕ್ಕೆ ಇಳಿಯಬೇಕಾದರೆ ಇನ್ನೂ ಹೆಚ್ಚು.

ಸಂಘಟ್ಟಕದ ದುಡಿಮೆಯನ್ನು ಅಳೆಯಲು ವಿಜ್ಞಾನಿಗಳು ಬಳಸುವ ಒಂದು ಏಕಮಾನವು ಸ್ಥೂಲವಾಗಿ 100 ಲಕ್ಷ ಕೋಟಿ ಸಂಘಟ್ಟನೆಗಳಿಗೆ ಸಮಾನ. 2011ರಲ್ಲಿ ಇಂತಹ ಒಂದು ಏಕಮಾನದ ದುಡಿಮೆಗೆ ವಿಕಿರಣದಿಂದಾದ ಎಲೆಕ್ಟ್ರಾನಿಕ್ ದೋಷಗಳ ಕಾರಣ ಸುಮಾರು 12 ಬಾರಿ ದೂಲವನ್ನು ಹೊರಹಾಕಬೇಕಾಯಿತು. ಆ ವರ್ಷ ನಡೆದ ದುಡಿಮೆ ಐದು ಏಕಮಾನಗಳಿಗೂ ಹೆಚ್ಚು ಎಂಬುದನ್ನು ಗಮನಿಸಿದರೆ ನಷ್ಟವಾದ ಕಾಲದ ಅರಿವಾದೀತು. ಸಂಘಟ್ಟನೆಗಳು ಹೆಚ್ಚಿದಂತೆ ವಿಕಿರಣವೂ ಹೆಚ್ಚುವುದರಿಂದ, ಉಪಾಯ ಕಾಣದಿದ್ದರೆ ಯಂತ್ರವು ತನ್ನ ಯಶಸ್ಸಿನಿಂದಲೇ ಕುಂಠಿತವಾಗುವ ಪರಿಸ್ಥಿತಿ ಒದಗಿತ್ತು.

ಪರಿಹಾರ ಕ್ರಮಗಳು

2007ರ ಅನುಭವವೇ ಇಲ್ಲಿ ಗುರುವಾಯಿತು. ನ್ಯೂಟ್ರಿನೋ ಪ್ರಯೋಗದಲ್ಲಿ ಉಪಕರಣಗಳನ್ನು ಸಾಧ್ಯವಾದಷ್ಟು ದೂರಕ್ಕೆ ಸಾಗಿಸಿ, ಉಳಿದವುಗಳಿಗೆ ಕಾಂಕ್ರೀಟಿನ ಮರೆಯನ್ನು ಕಟ್ಟಿದ ಮೇಲೆ 2008ರಲ್ಲಿ ಪ್ರಯೋಗ ಪುನರಾರಂಭವಾಗಿ 2012ರ ಅಂತ್ಯದವರೆಗೂ ನಡೆಯಿತು. ಬೃಹತ್ ಸಂಘಟ್ಟಕಕ್ಕೂ ಇದೇ ರೀತಿಯ ವ್ಯಾಪಕವಾದ ಯೋಜನೆಯೊಂದನ್ನು ಕೈಗೊಳ್ಳಲಾಯಿತು.

ಮೊದಲ ಕ್ರಮ ಅಳೆಯುವುದು. ಸುರಂಗದ ಉದ್ದಕ್ಕೂ ಚಿಕ್ಕ ಚಿಕ್ಕ ಮಾಪಕಗಳನ್ನು ಇಡಲಾಗಿದೆ. ಅವುಗಳ ರಚನೆ ಸ್ವಾರಸ್ಯಕರವಾದುದು. ವಿಕಿರಣದಿಂದ ಕೆಡುವ ಟ್ರಾನ್ಸಿಸ್ಟರನ್ನೇ ಇಟ್ಟು, ಅದು ಎಷ್ಟು ಕೆಟ್ಟಿತೆಂಬುದರಿಂದ ಗ್ರೇ ಪ್ರಮಾಣವನ್ನು ತಿಳಿಯುತ್ತಾರೆ. ಅಂಕಗಳು ತಿರುಗುವ ಸ್ಮೃತಿಸಾಧನವನ್ನೇ ಇಟ್ಟು, ಎಷ್ಟು ಅಂಕಗಳು ತಿರುಗಿದವೆಂದು ಎಣಿಸಿ ಹಾದುಹೋದ ಕಣಗಳ ಸಂಖ್ಯೆಯನ್ನು ತಿಳಿಯುತ್ತಾರೆ. ಬೇರೆಡೆ ಯಾವುದು ದೋಷವೋ ಇಲ್ಲಿ ಅದೇ ಗುಣ. ಈ ಅಳತೆಗಳೊಡನೆ, ಕಣಗಳ ಸಂಚಾರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಫ್ಲೂಕಾ ಎಂಬ ವಿಧಾನವನ್ನು ಜೋಡಿಸಿ ಸುರಂಗದ ವಿಕಿರಣ ನಕ್ಷೆಯನ್ನು ತಯಾರಿಸಲಾಗುತ್ತದೆ.

ಎರಡನೆಯ ಕ್ರಮ ಸ್ಥಳಾಂತರ ಮತ್ತು ಮರೆ. ನಕ್ಷೆಯಲ್ಲಿ ಅಪಾಯಕರವೆಂದು ಕಂಡ ಸ್ಥಳಗಳಿಂದ ಉಪಕರಣಗಳನ್ನು ಸುರಕ್ಷಿತ ಕೋಣೆಗಳಿಗೆ ಸಾಗಿಸಲಾಯಿತು. ಸಾಗಿಸಲಾಗದ ಕಡೆ ಕಬ್ಬಿಣ ಮತ್ತು ಕಾಂಕ್ರೀಟಿನ ಗೋಡೆಗಳನ್ನು ಎಬ್ಬಿಸಲಾಯಿತು. ಕಬ್ಬಿಣವು ಅತಿ ಶಕ್ತಿಯ ಕಣಗಳ ವೇಗವನ್ನು ಮುರಿಯುತ್ತದೆ. ಕಾಂಕ್ರೀಟಿನಲ್ಲಿ ನೀರಿನ ರೂಪದಲ್ಲಿ ಅಡಗಿರುವ ಹೈಡ್ರೊಜನ್ ನ್ಯೂಟ್ರಾನುಗಳನ್ನು ನಿಧಾನಗೊಳಿಸಿ ಹೀರಲು ನೆರವಾಗುತ್ತದೆ. 2012ರ ವೇಳೆಗೆ, ಆ ಮೊದಲು ಹೇಳಿದ ಏಕಮಾನಕ್ಕೆ 12ರಷ್ಟಿದ್ದ ತಡೆಗಳ ಸಂಖ್ಯೆ ಸುಮಾರು 3ಕ್ಕೆ ಇಳಿಯಿತು. 2013 ಮತ್ತು 2014ರಲ್ಲಿ ಯಂತ್ರವನ್ನು ನಿಲ್ಲಿಸಿದ್ದಾಗ ಈ ಕೆಲಸವು ಬಹು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಆ ಸಂಖ್ಯೆಯನ್ನು ಅರ್ಧಕ್ಕೂ ಕೆಳಗೆ ಇಳಿಸುವುದು ಅಲ್ಲಿಂದ ಮುಂದಿನ ಗುರಿಯಾಯಿತು.

ಮೂರನೆಯ ಕ್ರಮ ಪರೀಕ್ಷೆ. 2014ರಲ್ಲಿ ಸರ್ನ್ ಸಂಶೋಧನಾಲಯದಲ್ಲಿ ಚಾರ್ಮ್ ಎಂಬ ಪರೀಕ್ಷಾಕೇಂದ್ರವು ಕಾರ್ಯಾರಂಭ ಮಾಡಿತು. ಅಲ್ಲಿ ಪ್ರೋಟಾನುಗಳನ್ನು ಲೋಹದ ಗುರಿಯೊಂದಕ್ಕೆ ಹೊಡೆದು ಸುರಂಗದಲ್ಲಿರುವಂತಹುದೇ ಮಿಶ್ರ ವಿಕಿರಣವನ್ನು ಹುಟ್ಟಿಸುತ್ತಾರೆ. ಬಿಡಿ ಟ್ರಾನ್ಸಿಸ್ಟರನ್ನಷ್ಟೇ ಅಲ್ಲದೆ ಇಡೀ ಉಪಕರಣವನ್ನೇ ಅಲ್ಲಿರಿಸಿ ವರ್ಷಗಳಲ್ಲಿ ಆಗಬಹುದಾದ ಹಾನಿಯನ್ನು ಅಲ್ಪಕಾಲದಲ್ಲಿ ಕಾಣಬಹುದು. ಒಂದೇ ಕಾರ್ಖಾನೆಯ, ಒಂದೇ ಹೆಸರಿನ ಸಾಧನಗಳು ಕೂಡ ಬೇರೆ ಬೇರೆ ತಂಡಗಳಲ್ಲಿ ತಯಾರಾದಾಗ ವಿಕಿರಣದೆದುರು ಬೇರೆ ಬೇರೆಯಾಗಿ ವರ್ತಿಸುವುದುಂಟು. ಆದುದರಿಂದ ಹೆಸರನ್ನು ನಂಬಿ ಆರಿಸುವಂತಿಲ್ಲ, ಪರೀಕ್ಷಿಸಿಯೇ ಆರಿಸಬೇಕು.

ನಾಲ್ಕನೆಯ ಕ್ರಮ ವಿನ್ಯಾಸ. ತಪ್ಪು ಆಗಿಯೇ ಆಗುವುದೆಂದು ಮೊದಲೇ ಒಪ್ಪಿ, ಆದ ತಪ್ಪು ಕೇಡಿಗೆ ದಾರಿಯಾಗದಂತೆ ಉಪಕರಣವನ್ನು ರಚಿಸುವುದು ಇದರ ತತ್ತ್ವ. ಒಂದೇ ಲೆಕ್ಕವನ್ನು ಮೂರು ಮಂಡಲಗಳಿಂದ ಮಾಡಿಸಿ, ಎರಡು ಹೇಳಿದ ಉತ್ತರವನ್ನು ಸ್ವೀಕರಿಸುತ್ತಾರೆ. ಅಂಕಗಳ ಜೊತೆಯಲ್ಲಿ ತಾಳೆ ನೋಡುವ ಹೆಚ್ಚಿನ ಅಂಕಗಳನ್ನೂ ಇಟ್ಟು, ಒಂದು ತಿರುಗಿದರೆ ಅದನ್ನು ತಿದ್ದಿಕೊಳ್ಳುತ್ತಾರೆ. ನಿಯಂತ್ರಕವನ್ನು ದೂರದಿಂದಲೇ ಆರಿಸಿ ಪುನಃ ಚಾಲೂ ಮಾಡುವ ಏರ್ಪಾಡು ಮಾಡುತ್ತಾರೆ. ಪ್ರಯೋಗಸ್ಥಾನಗಳಲ್ಲಿ, ಸಂಘಟ್ಟನೆಗೆ ಅತಿ ಸಮೀಪದಲ್ಲಿ ಇರಲೇಬೇಕಾದ ಸಾಧನಗಳಿಗಾಗಿ ಟ್ರಾನ್ಸಿಸ್ಟರಿನ ಆಕಾರವನ್ನೇ ಬದಲಿಸಿದರು. ದ್ವಾರವನ್ನು ಉಂಗುರದಂತೆ ಸುತ್ತುಗಟ್ಟಿದುದರಿಂದ ಅಂಚಿನಲ್ಲಿ ಸೋರುವಿಕೆ ನಿಂತಿತು. ಡೈಆಕ್ಸೈಡ್ ಪದರವು ತೀರ ತೆಳುವಾದಾಗ ಅದರಲ್ಲಿ ಸಿಕ್ಕಿಕೊಳ್ಳುವ ಆವೇಶವೂ ಕಡಮೆಯೆಂಬ ಅನುಕೂಲ ಇದಕ್ಕೆ ಕೂಡಿಬಂದಿತು.

ಸಂಘಟ್ಟಕದ ಉನ್ನತ ಹಂತವು 2030ರ ಸುಮಾರಿಗೆ ಕಾರ್ಯಾರಂಭ ಮಾಡಬೇಕೆಂಬುದು ಸಂಶೋಧನಾಲಯದ ಉದ್ದೇಶ. ಆಗ ಸಂಘಟ್ಟನೆಗಳೂ ವಿಕಿರಣವೂ ಹಲವು ಪಟ್ಟು ಹೆಚ್ಚಲಿವೆ. ಅದಕ್ಕಾಗಿ ಕಾಂತಗಳಿಗೆ ವಿದ್ಯುತ್ತನ್ನು ಒದಗಿಸುವ ಉಪಕರಣಗಳನ್ನು ಸುರಂಗದಿಂದ ಬೇರೆಯಾದ ಹೊಸ ಭೂಗರ್ಭ ಮಾರ್ಗಗಳಲ್ಲಿ ಇಡಲಾಗುವುದು. ಮೆಗ್ನೀಸಿಯಂ ಡೈಬೋರೈಡ್ ಎಂಬ ಅತಿವಾಹಕದಿಂದ ಮಾಡಿದ ಉದ್ದನೆಯ ತಂತಿಗಳು ಅಲ್ಲಿಂದ ಕಾಂತಗಳವರೆಗೆ ಒಂದು ಲಕ್ಷ ಆಂಪಿಯರಿಗೂ ಮಿಗಿಲಾದ ವಿದ್ಯುತ್ತನ್ನು ನಷ್ಟವಿಲ್ಲದೆ ಸಾಗಿಸಬಲ್ಲವು. ಅತ್ಯಂತ ಹೊಸ ವಿಜ್ಞಾನದಿಂದ ಸಾಧಿತವಾಗುವುದು, ಉಪಕರಣವನ್ನು ಅಪಾಯದಿಂದ ದೂರವಿಡುವ ಅತ್ಯಂತ ಹಳೆಯ ಉಪಾಯವೇ.

ಭಾರತದ ಪಾಲು

ಈ ಮಹಾಕಾರ್ಯದಲ್ಲಿ ಭಾರತಕ್ಕೂ ಗೌರವದ ಸ್ಥಾನವಿದೆ. ಇಂದೋರಿನಲ್ಲಿರುವ ಪ್ರಗತ ತಂತ್ರಜ್ಞಾನ ಕೇಂದ್ರವು, ತುಮಕೂರಿನಲ್ಲಿ ಜನಿಸಿದ ವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರನ್ನು ಹೊತ್ತಿದೆ. ಬೃಹತ್ ಸಂಘಟ್ಟಕದ ಕಾಂತಗಳನ್ನು ಹೊತ್ತು ನಿಲ್ಲಿಸುವ ಏಳು ಸಾವಿರದಷ್ಟು ಜ್ಯಾಕುಗಳನ್ನು ಭಾರತವು ಈ ಕೇಂದ್ರದ ಮೂಲಕ ಒದಗಿಸಿತು. ಅವುಗಳ ತಯಾರಿಕೆಯಲ್ಲಿ ಬೆಂಗಳೂರಿನ ಕಾರ್ಖಾನೆಯೂ ಪಾಲುಗೊಂಡಿತು. 30 ಟನ್ನಿಗೂ ಹೆಚ್ಚು ತೂಕದ ಕಾಂತವನ್ನು ಮಿಲಿಮೀಟರಿಗಿಂತ ಬಹಳ ಸೂಕ್ಷ್ಮವಾದ ನಿಖರತೆಯಿಂದ ನಿಲ್ಲಿಸುವುದು ಅವುಗಳ ಕೆಲಸ. ಉಕ್ಕಿನ ಆ ಜ್ಯಾಕಿನಲ್ಲಿ ತಿರುಗಿಹೋಗಲು ಅಂಕಗಳಿಲ್ಲ, ಕದಡಲು ಸ್ಮೃತಿಯಿಲ್ಲ. ವಿಕಿರಣದ ನಡುವೆಯೂ ಅದು ಹೊತ್ತ ಭಾರವನ್ನು ಹೊತ್ತೇ ನಿಂತಿರುತ್ತದೆ. 2017ರ ಜನವರಿಯಲ್ಲಿ ಭಾರತವು ಸರ್ನ್ ಸಂಸ್ಥೆಯ ಸಹಸದಸ್ಯ ರಾಷ್ಟ್ರವಾಯಿತು.

ಉಪಸಂಹಾರ

2012ರ ಜುಲೈ 4ರಂದು ಹಿಗ್ಸ್ ಕಣದ ಶೋಧವು ಪ್ರಕಟವಾದಾಗ ಲೋಕವೆಲ್ಲ ಸಂಶೋಧಕರನ್ನು ಕೊಂಡಾಡಿತು. ಅದು ಯೋಗ್ಯವೇ ಆಗಿತ್ತು. ಆದರೆ ಆ ಶೋಧಕ್ಕೆ ಬೇಕಾದ ಸಂಘಟ್ಟನೆಗಳು ದೊರೆತುದು ಯಂತ್ರವು ನಿಲ್ಲದೆ ನಡೆದುದರಿಂದ. ಯಂತ್ರವು ನಿಲ್ಲದೆ ನಡೆದುದರ ಹಿಂದೆ ಗಾಳಿಯ ನಿಯಂತ್ರಕವನ್ನು ಬೇರೆಡೆಗೆ ಸಾಗಿಸಿದವರು, ಕಾಂಕ್ರೀಟಿನ ಗೋಡೆಯನ್ನು ಕಟ್ಟಿದವರು, ಒಂದೊಂದು ಸಾಧನವನ್ನೂ ವಿಕಿರಣದಲ್ಲಿಟ್ಟು ಪರೀಕ್ಷಿಸಿದವರು, ತಿರುಗಿದ ಅಂಕಗಳನ್ನು ತಾಳ್ಮೆಯಿಂದ ಎಣಿಸಿದವರು ಇದ್ದಾರೆ. ಭೌತವಿಜ್ಞಾನವನ್ನು ಬೋಧಿಸುವಾಗ ಶೋಧದ ಹೆಸರಿನೊಡನೆ ಈ ಕೆಲಸಗಳ ಪರಿಚಯವನ್ನೂ ವಿದ್ಯಾರ್ಥಿಗಳಿಗೆ ಮಾಡಿಕೊಡುವುದು ಉಚಿತ. ಇಟ್ಟ ಸ್ಥಳ ಎಂತಹುದೆಂದು ಅಳೆದು ತಿಳಿಯದೆ, ಉಪಕರಣ ಎಷ್ಟೇ ಉತ್ತಮವಾಗಿದ್ದರೂ ಅದರ ಮೇಲೆ ಭರವಸೆಯಿಡಲಾಗದು ಎಂಬುದು ಸುರಂಗದ ವಿಕಿರಣವು ಕಲಿಸಿದ ಪಾಠ.